ಬಿಡಿಸದ ಬಿಲ್ಲೆಗಳು

ಹಿಟ್ಟಿನ ಗಿರಣಿಯವನ ಮನೆಯಲ್ಲಿ ಎರಡು ಬೀರು. ಒಂದರಲ್ಲಿ ಮನೆಮಂದಿಯ ಬಟ್ಟೆ. ಇನ್ನೊಂದರಲ್ಲಿ, ಬೀಗದೊಳಗೆ, ಅಂತರಿಕ್ಷದ ಯುದ್ಧಗಳು. ಗ್ರಹಕ್ಕೂ ಗ್ರಹಕ್ಕೂ ಕಾಳಗ ಹೂಡುವ ರಟ್ಟಿನ ಆಟಗಳವು. ಅವನ್ನು ಮಾಡುತ್ತಿದ್ದ ಕಂಪನಿಗಳು ಎಂದೋ ಬಾಗಿಲು ಹಾಕಿದ್ದವು. ಅವುಗಳಲ್ಲಿ ಅವನ ಕಣ್ಮಣಿ 'ಶನಿಯ ಮುತ್ತಿಗೆ'. ಅದರ ನೌಕೆಗಳೆಲ್ಲ ಪುಟ್ಟ ಚೌಕದ ಬಿಲ್ಲೆಗಳು. ಅಚ್ಚಾದ ರಟ್ಟಿನ ಹಾಳೆಯಿಂದ ಅವನ್ನು ಈತನಕ ಯಾರೂ ಬಿಡಿಸಿರಲಿಲ್ಲ. ಬಿಡಿಸಿದರೆ ಆಟ, ಬಿಡಿಸದಿದ್ದರೆ ಆಸ್ತಿ.

ಈ ಹುಚ್ಚಿದ್ದ ಇನ್ನೊಬ್ಬರೆಂದರೆ ಪೇಟೆಯ ಹಲ್ಲಿನ ಡಾಕ್ಟರು. ಅವರ ಬಳಿಯೂ ಬಿಡಿಸದ 'ಶನಿ' ಇತ್ತು. ಆದರೆ ಪೆಟ್ಟಿಗೆಯ ಮೂಲೆ ಜಜ್ಜಿಹೋಗಿತ್ತು. ಇವತ್ತು ಅವರು ಇವನದನ್ನು ನೋಡಲು ಬರುವವರಿದ್ದರು. "ನಿಮ್ಮದೇ ವಾಸಿ" ಎಂಬ ಒಂದು ಮಾತು ಆ ಬಾಯಿಂದ ಉದುರಿದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಿದ್ದ.

ಕೈ ತೊಳೆದು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟ. ಅಷ್ಟರಲ್ಲಿ ಗಿರಣಿಯ ಪಟ್ಟಾ ಜಾರಿತೆಂದು ಯಾರೋ ಕೂಗಿದರು. ಸರಿಮಾಡಿ ಬರುವಷ್ಟರಲ್ಲಿ, ಮಗಳನ್ನು ನೋಡಲು ಬಂದಿದ್ದ ಅತ್ತೆ ಬಟ್ಟಲುಗಳನ್ನು ಸಾಲಾಗಿಟ್ಟುಕೊಂಡು ಕೂತಿದ್ದರು.

"ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಇದ್ವು, ಅಳಿಯಂದ್ರೇ. ಪಾಪ, ನಿಮಗೆ ಪುರುಸೊತ್ತೆಲ್ಲಿ ಅಂತ ನಾನೇ ಬಿಡಿಸ್ದೆ. ಕಾಳು ಆರಿಸ್ದಂಗೆ ಬಣ್ಣ ಬಣ್ಣ ಬೇರೆ ಮಾಡಿದೀನಿ. ಉಳಿದ ರಟ್ಟು ಒಲೆಗೆ ಹಾಕ್ದೆ, ಚೆನ್ನಾಗಿ ಉರೀತು."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ. ಬೈಯೋಣವೆಂದರೆ ಹೆಣ್ಣು ಕೊಟ್ಟ ಅತ್ತೆ. ಗಿರಣಿಯವನು "ಒಳ್ಳೇದಾಯ್ತು" ಎಂದ.

ಡಾಕ್ಟರು ಬಂದರು, ಬಟ್ಟಲು ನೋಡಿದರು, ಸಾವಿನ ಮನೆಗೆ ಬಂದವರಂತೆ ಚಪ್ಪಲಿ ಬಿಟ್ಟು ಮೆಲ್ಲಗೆ ಕೂತರು. ಆಮೇಲೆ ಏನೋ ಹೊಳೆದು ಮುಖ ಅರಳಿತು.

"ಹಾಗಾದ್ರೆ ಬಿಡಿಸದೇ ಇರೋದು ಇನ್ನು ನಂದೊಂದೇ ಅನ್ನಿ!"

"ಅದಿರ್ಲಿ ಡಾಕ್ಟ್ರೇ," ಅತ್ತೆ ಕೇಳಿದರು, "ಇದನ್ನ ಆಡೋದು ಹೆಂಗೆ?"

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಎರಡನೇ ಮುದ್ರಣದ ಕೆಂಪು ಎಷ್ಟು ಮಂಕು, ಯಾವ ಪೆಟ್ಟಿಗೆಯಲ್ಲಿ ದಾಳ ಚಿಕ್ಕದು, ಎಲ್ಲ ಬಾಯಿಪಾಠ. ಆಡುವುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ನಿಯಮಗಳನ್ನು ಓದಿ ಹೇಳಿದಳು. ಹೊತ್ತು ಮುಳುಗುವುದರೊಳಗೆ ಅತ್ತೆ ಶನಿಯನ್ನೂ ಅದರ ಬಳೆಗಳನ್ನೂ ಗೆದ್ದುಕೊಂಡರು. ಡಾಕ್ಟರ ಚಹಾ ಆರಿ ಕೆನೆಗಟ್ಟಿತ್ತು.

ಮುಂದಿನ ಭಾನುವಾರ ಡಾಕ್ಟರು ಕರೆಯದೆಯೇ ಬಂದರು. ಅದರ ಮುಂದಿನ ವಾರವೂ.

"ನಿಮ್ಮದನ್ನೂ ತನ್ನಿ, ಎರಡು ಜೋಡಿ ಕೂರಬಹುದು," ಎಂದ ಗಿರಣಿಯವನು.

"ಛೆ ಛೆ, ಅದು ಒಳ್ಳೇದು ಕಣ್ರಿ. ಇದು ಹೇಗೂ ಕೆಟ್ಟಿದೆಯಲ್ಲ."

"ಒಳ್ಳೇದು ಮನೇಲಿಟ್ಕೊಂಡು ಕೆಟ್ಟಿದ್ದಕ್ಕೆ ಯಾಕಪ್ಪಾ ಇಷ್ಟು ದೂರ ಬರ್ತೀರಿ?" ಎಂದರು ಅತ್ತೆ.

ಡಾಕ್ಟರು ಕೆಂಪು ಬಿಲ್ಲೆಗಳ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಗಿರಣಿಯವನು, ಅಂದು ಆ ಬಾಯಿಂದ ಕೇಳಬೇಕೆಂದಿದ್ದ ಮಾತು ಕೊನೆಗೂ ಕೇಳಿಸಿತೆಂಬಂತೆ, ಹಿಟ್ಟಿನ ಕೈಯಲ್ಲೇ ದಾಳ ಎತ್ತಿಕೊಂಡ.