ಡೆಲ್ಮರ್ ಟ್ಯಾಕೆಟ್ ಗೆದ್ದ ಒಂದೇ ಪಂದ್ಯ

ಡೆಲ್ಮರ್ ಟ್ಯಾಕೆಟ್ ಹದಿನೇಳು ವರ್ಷ ಗಾಲ್ಫ್ ಆಡಿಯೇ ಹೊಟ್ಟೆ ಹೊರೆದ. ಅಷ್ಟೂ ವರ್ಷ ಅವನ ಕೋಲುಗಳ ಚೀಲ ಹೊತ್ತವನು ನಾನು. ಫ್ಲಾರಿಡಾದಿಂದ ಆರಿಗನ್‌ವರೆಗೆ ಎಲ್ಲಿ ಆಡಿದರೂ ಒಂಬತ್ತನೆಯವನೋ ನಲವತ್ತನೆಯವನೋ ಆಗಿ ಮುಗಿಸುತ್ತಿದ್ದ. ಗೆದ್ದದ್ದು ಒಂದೇ ಸಲ, ಎಪ್ಪತ್ತೆಂಟರ ಬೇಸಿಗೆಯಲ್ಲಿ, ನಮ್ಮ ಟೆನೆಸಿಯಲ್ಲೇ. ಅದೂ ಅವನ ಅತ್ತೆ ಯೂಲಾ ಬಂದಿದ್ದರಿಂದ.

ಯೂಲಾಗೆ ಗಾಲ್ಫ್ ಎಂದರೆ ಆಗುತ್ತಿರಲಿಲ್ಲ. ಚರ್ಚಿನ ಪಾಠಶಾಲೆಯಲ್ಲಿ ನಲವತ್ತು ವರ್ಷ ಮಕ್ಕಳನ್ನು ಗದರಿಸಿದವಳು ಅವಳು. ಭಾನುವಾರ ಪ್ರಾರ್ಥನೆ ತಪ್ಪಿಸಿ ಹುಲ್ಲಿನಲ್ಲಿ ಕೋಲು ಬೀಸುವುದೂ ಒಂದು ದುಡಿಮೆ ಎಂದು ಎಂದೂ ಒಪ್ಪಿರಲಿಲ್ಲ. ಮಗಳು ನೊರೀನ್ ಅತ್ತು ಕರೆದು ಅವಳನ್ನು ಮೈದಾನಕ್ಕೆ ಹೊರಡಿಸಿದ್ದಳು.

“ಎಲ್ಲರೂ ಯಾಕೆ ಪಿಸುಪಿಸು ಅಂತಾರೆ? ಯಾರಾದ್ರೂ ಸತ್ತಿದಾರಾ?” ಎಂದು ಮೊದಲ ಕುಳಿಯ ಹತ್ತಿರವೇ ಗಟ್ಟಿಯಾಗಿ ಕೇಳಿದಳು.

“ಅಮ್ಮಾ, ಶ್!”

“ನಂಗೇ ಶ್ ಅಂತೀಯಾ? ನಿನ್ನ ಹೆತ್ತೋಳು ಕಣೇ ನಾನು.”

ಮಧ್ಯಾಹ್ನದ ಹೊತ್ತಿಗೆ ಕಾಲು ನೋವೆಂದು, ಹದಿನೆಂಟನೆಯ, ಅಂದರೆ ಕೊನೆಯ ಕುಳಿಯ ದಾರಿಯ ಪಕ್ಕದಲ್ಲಿದ್ದ ಓಕ್ ಮರದಡಿ ಮಡಚುವ ಕುರ್ಚಿ ಹಾಕಿಸಿಕೊಂಡು ಕುಳಿತುಬಿಟ್ಟಳು.

ನಾವು ಅಲ್ಲಿಗೆ ಬಂದಾಗ ಮಿಕ್ಕವರೆಲ್ಲ ಆಟ ಮುಗಿಸಿದ್ದರು. ಡೆಲ್ಮರ್ ನಾಲ್ಕು ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದರೆ ಗೆಲುವು ಅವನದೇ. ಹಾಗೆಂದು ನಾನು ಹೇಳಬಾರದಿತ್ತು. ಹೇಳಿದ್ದೇ ತಡ, ಅವನ ಮೊದಲ ಹೊಡೆತ ಓಕ್ ಮರದ ಕಡೆ ಹಾರಿತು.

ಓಡಿ ಹೋಗಿ ನೋಡಿದರೆ ಚೆಂಡೇ ಇಲ್ಲ. ಐವತ್ತು ಜನ ಬಗ್ಗಿ ಹುಡುಕಿದೆವು.

“ಏನು ಕಳಕೊಂಡ್ರಿ?” ಎಂದಳು ಯೂಲಾ.

“ಚೆಂಡು, ಅತ್ತೆ.”

“ಬಿಳೀದಾ? ನನ್ನ ಬ್ಯಾಗಲ್ಲಿದೆ. ಯಾರಾದ್ರೂ ತುಳಿದು ಜಾರಿಬಿದ್ದಾರು ಅಂತ ಎತ್ತಿಟ್ಟೆ.”

ಕರಿದ ಕೋಳಿಯ ಪೊಟ್ಟಣದ ಪಕ್ಕದಿಂದ ಎಣ್ಣೆ ಮೆತ್ತಿದ ಚೆಂಡು ಹೊರಬಂತು. ತೀರ್ಪುಗಾರ ನಿಯಮದ ಪುಸ್ತಕ ತೆರೆದ.

“ದಂಡ ಏನಿಲ್ಲ. ಎಲ್ಲಿತ್ತೋ ಅಲ್ಲೇ ಇಡಬೇಕು. ಎಲ್ಲಿತ್ತು, ಮೇಡಂ?”

ಡೆಲ್ಮರ್‌ನ ಕಣ್ಣು ಬಯಲಿನ ಕಡೆ ಹೊರಳಿತು. ನೊರೀನ್ ಸುಮ್ಮಸುಮ್ಮನೆ ಕೆಮ್ಮಿದಳು. “ಅಜ್ಜೀ, ಆ ಕಡೆ ಹುಲ್ಲಲ್ಲಿತ್ತು ಅಂದ್ಬಿಡಿ!” ಎಂದು ಗುಂಪಿನಲ್ಲಿ ಯಾರೋ ಉಸುರಿದರು.

“ಇಲ್ಲಿತ್ತು,” ಯೂಲಾ ಎರಡು ಬೇರುಗಳ ಸಂದು ತೋರಿಸಿದಳು. “ಇನ್ನೂ ಚೂರು ಒಳಗಿಡಪ್ಪ. ಹಾಂ, ಅಲ್ಲೇ.”

ಡೆಲ್ಮರ್ ಹಲ್ಲು ಕಚ್ಚಿ, “ಅತ್ತೆ, ದಯವಿಟ್ಟು ದೂರ ಹೋಗಿ ಕೂತ್ಕೊಳ್ಳಿ,” ಎಂದ.

ಅವಳಿಗೆ ಸಿಟ್ಟು ಬಂತು. ಕುರ್ಚಿ ಎತ್ತಿಕೊಂಡು ಬಯಲಿಗೆ ನಡೆದು, ನಮಗೆ ಬೆನ್ನು ಹಾಕಿ ಕುಳಿತು, ಮಡಿಲಲ್ಲಿ ಬ್ಯಾಗು ಬಿಚ್ಚಿ ಕೋಳಿಗಾಗಿ ಕೈಯಾಡಿಸತೊಡಗಿದಳು. ಡೆಲ್ಮರ್ ಕಣ್ಣು ಮುಚ್ಚಿ ಬೀಸಿದ. ಚೆಂಡು ಮರದ ಕಾಂಡಕ್ಕೆ ಟಪ್ಪೆಂದು ಬಡಿದು, ಹಿಂದಕ್ಕೆ ಹಾರಿ, ಯೂಲಾಳ ಹೆಗಲ ಮೇಲಿಂದ ಹಾದು ಬ್ಯಾಗಿನೊಳಗೆ ಬಿತ್ತು.

“ಈ ಸಲ ನಾನು ಮುಟ್ಟಲೇ ಇಲ್ಲ! ದೇವರಾಣೆಗೂ!” ಎಂದು ಕೂಗಿದಳು.

ತೀರ್ಪುಗಾರ ಬೆವರು ಒರೆಸಿಕೊಳ್ಳುತ್ತಾ ಪುಟ ತಿರುವಿದ. ನೋಡಲು ಬಂದವರ ಮೈಮೇಲೆ ಚೆಂಡು ಸಿಕ್ಕಿಕೊಂಡರೆ, ಅವರಿದ್ದ ಜಾಗದಲ್ಲೇ ನೆಲಕ್ಕೆ ಬಿಟ್ಟು ಆಡಬಹುದಂತೆ. ಅಲ್ಲಿ ಚೊಕ್ಕ ಹುಲ್ಲು, ಎದುರಿಗೇ ಕುಳಿಯ ಬಾವುಟ. ಮೂರನೆಯ ಹೊಡೆತಕ್ಕೆ ಚೆಂಡು ಬಾವುಟದಿಂದ ಹತ್ತಡಿಗೆ ಬಂದು ನಿಂತಿತು. ನಾಲ್ಕನೆಯದಕ್ಕೆ ತೂರಾಡುತ್ತಾ ಕುಳಿಯ ಅಂಚಿಗೆ ಹೋಗಿ, ಸ್ವಲ್ಪ ಯೋಚಿಸಿ, ಒಳಗೆ ಬಿತ್ತು. ಡೆಲ್ಮರ್ ಅಲ್ಲೇ ಕುಸಿದು ಕುಳಿತು ಮಗುವಿನ ಹಾಗೆ ಅತ್ತ. ಪತ್ರಿಕೆಯವರು ಅವನನ್ನು ದಾಟಿಕೊಂಡು ಯೂಲಾಳ ಫೋಟೋ ತೆಗೆಯಲು ಓಡಿದರು.

ಆ ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಕೈ ಹಿಡಿದುಕೊಂಡಾಗ ಯೂಲಾ ಪ್ರಾರ್ಥಿಸಿದಳು: “ದೇವರೇ, ನನ್ನ ಅಳಿಯನಿಗೆ ಗುರಿ ಕೊಡಲಿಲ್ಲ, ಪರವಾಗಿಲ್ಲ. ಬುದ್ಧಿಯಾದ್ರೂ ಕೊಡು.”

ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವನು ಡೆಲ್ಮರ್.

ಆಮೇಲೂ ಆರು ವರ್ಷ ಆಡಿದ, ಗೆಲ್ಲಲಿಲ್ಲ. ಪ್ರತಿ ಬೇಸಿಗೆಯಲ್ಲೂ ಅತ್ತೆಯ ಮನೆ ಬಾಗಿಲಿಗೆ ಹೋಗಿ ಬಾ ಎಂದು ಗೋಗರೆಯುತ್ತಿದ್ದ. ಯೂಲಾ ಜಪ್ಪಯ್ಯ ಅನ್ನಲಿಲ್ಲ.

“ಒಂದ್ಸಲ ಗೆಲ್ಲಿಸಿಕೊಟ್ಟಿದೀನಿ. ಇನ್ಮೇಲೆ ನೀನೂ ಏನಾದ್ರೂ ಮಾಡಪ್ಪ.”