ಬ್ಯಾಟರಿ ನುಂಗುವ ಗಾಡಿ

“ಬ್ಯಾಟರಿ ಮುಟ್ಟಿ ನೋಡೋ, ಬೆಚ್ಚಗಿದೆಯಾ?” ಒಳಗಿನ ಕೋಣೆಯಿಂದ ಮೇಸ್ತ್ರಿ ಕೂಗಿದರು.

“ತಣ್ಣಗಿದೆ ಮೇಸ್ತ್ರಿ. ಹೆಣ ಇದ್ದ ಹಾಗಿದೆ,” ಎಂದ, ಮನೆಯ ಮುಂದೆ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ ಮೀಟರ್. ಅಂದವನೇ ನಾಲಿಗೆ ಕಚ್ಚಿಕೊಂಡು, ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿಯ ಮುಖ ನೋಡಿದ. ಆಕೆ ಕೇಳಿಸದವಳ ಹಾಗೆ, ಬೈಕಿನ ಮೇಲೆ ಹೊದಿಸಿದ್ದ ಹಳೆಯ ಬೆಡ್‌ಶೀಟನ್ನು ಮಡಚುತ್ತಿದ್ದಳು.

ಮೀಟರ್ ಎಂಬುದು ಮೇಸ್ತ್ರಿಯೇ ಇಟ್ಟ ಅಡ್ಡಹೆಸರು. ಅವರ ಗ್ಯಾರೇಜಿಗೆ ಕೆಲಸ ಕಲಿಯಲು ಬಂದ ಕಾಲದಿಂದಲೂ ಅವನು ಕೊರಳಿಗೆ ವೋಲ್ಟ್ ಮೀಟರ್ ನೇತುಹಾಕಿಕೊಂಡೇ ತಿರುಗುವವನು. ಈಗ ತಲೆ ನರೆತು, ಆ ಗ್ಯಾರೇಜು ಅವನದೇ ಆಗಿದ್ದರೂ ಹೆಸರು ಬಿಟ್ಟಿರಲಿಲ್ಲ, ಮೀಟರೂ ಬಿಟ್ಟಿರಲಿಲ್ಲ. ಮೇಸ್ತ್ರಿಗೆ ಮಾತ್ರ ಆ ಪೆಟ್ಟಿಗೆ ಕಂಡರೆ ಆಗದು. “ಕಿವಿ ಇರೋನಿಗೆ ಮುಳ್ಳು ಯಾಕೋ?” ಎಂದು ರೇಗಿಸುತ್ತಿದ್ದರು. ಇಂಜಿನ್ ಓಡುವಾಗ ಹಾರ್ನ್ ಒತ್ತಿ ಹಿಡಿದು, ನಿಧಾನವಾಗಿ ಆಕ್ಸಿಲರೇಟರ್ ತಿರುಗಿಸುವುದು ಅವರ ಪದ್ಧತಿ. ಚಾರ್ಜಿಂಗ್ ಸರಿಯಿದ್ದರೆ ಹಾರ್ನಿನ ದನಿ ಬಿಚ್ಚಿಕೊಳ್ಳುತ್ತಾ ಏರುತ್ತದೆ. ಕೆಟ್ಟಿದ್ದರೆ ನೆಗಡಿ ಹಿಡಿದ ಗಂಟಲಿನಂತೆ ಇದ್ದಲ್ಲೇ ಇರುತ್ತದೆ. ಹೊಸ ಬ್ಯಾಟರಿ ಹಾಕಿದಾಗ ಹಾರ್ನ್ ಜೋರಾಗಿದೆಯೆಂದು ಮೋಸ ಹೋಗಬಾರದು, ದನಿ ಏರುತ್ತದೆಯೇ ಎಂಬುದನ್ನಷ್ಟೇ ಕೇಳಬೇಕು ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ಮೀಟರ್ ಮುಳ್ಳನ್ನೂ ನೋಡುತ್ತಿದ್ದ, ಹಾರ್ನನ್ನೂ ಒತ್ತುತ್ತಿದ್ದ.

ಲಕ್ವ ಹೊಡೆದು ಮೇಸ್ತ್ರಿಯ ಎಡಭಾಗ ಬಿದ್ದುಹೋಗಿತ್ತು. ಮಾತು ಬೇಗ ಮರಳಿತು, ಕೈಕಾಲು ಮಾತ್ರ ಅರ್ಧಂಬರ್ಧ. ಆದರೂ ಅವರದೊಂದೇ ಹಟ: ಗಾಡಿ ಓಡಿಸಬೇಕು. ಕಿಕ್ಕರ್ ತುಳಿಯಲು ಎಡಗಾಲಿನ ಮೇಲೆ ನಿಲ್ಲಬೇಕು, ಅದು ಆಗದ ಮಾತು. ಸೆಲ್ಫ್ ಬಟನ್ನಿಗಾದರೆ ಬಲಗೈಯ ಹೆಬ್ಬೆರಳು ಸಾಕು. ಕ್ಲಚ್ ಹಿಡಿಯುವ ಎಡಗೈಗೆ ಬಲ ಬರಲೆಂದು ದಿನವಿಡೀ ಒಂದು ರಬ್ಬರ್ ಚೆಂಡನ್ನು ಹಿಸುಕುತ್ತಿದ್ದರು. ಅದು ಒತ್ತಿದಾಗಲೆಲ್ಲ ಕೀಚ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿದ್ದರೂ, ನೀರು ಹಿಡಿಯುತ್ತಿದ್ದರೂ ಆಕೆಯ ಕಿವಿ ಆ ಸದ್ದಿನ ಮೇಲೇ ಇರುತ್ತಿತ್ತು. “ಬ್ಯಾಟರಿ ಒಂದು ನಿಲ್ಲಲಿ ಕಣೇ, ನಿನ್ನ ಹಿಂದೆ ಕೂರಿಸ್ಕೊಂಡು ಪೇಟೆಯೆಲ್ಲ ಸುತ್ತಿಸ್ತೀನಿ,” ಎನ್ನುತ್ತಿದ್ದರು.

ಆದರೆ ಈ ಗಾಡಿ ಬ್ಯಾಟರಿ ನುಂಗುವುದನ್ನೇ ಕಸುಬು ಮಾಡಿಕೊಂಡಿತ್ತು. ಮೊದಲ ಸಲ ಮೀಟರ್ ಬ್ಯಾಟರಿಯನ್ನು ಒಯ್ದು ಚಾರ್ಜ್ ಮಾಡಿ ತಂದ. ನಾಲ್ಕು ದಿನಕ್ಕೆ ಮತ್ತೆ ಕೈಕೊಟ್ಟಿತು. ಆಮೇಲೆ ಅವಸರದಲ್ಲಿ ಬಂದು ರೆಗ್ಯುಲೇಟರ್ ಬದಲಾಯಿಸಿ ಓಡಿದ. ಅದೂ ವ್ಯರ್ಥವಾಯಿತು. ಇವತ್ತು ಹೊಸ ಬ್ಯಾಟರಿಯನ್ನೇ ಹೊತ್ತು ತಂದು, ಬೇರು ಹಿಡಿಯದೆ ಏಳುವುದಿಲ್ಲ ಎಂದು ಕೂತಿದ್ದ.

ಬ್ಯಾಟರಿ ಕೂರಿಸಿದ. ಆಕೆ ಕೊಟ್ಟ ಕೀ ಹಾಕಿ ಬಟನ್ ಒತ್ತಿದ್ದೇ ತಡ, ಗಾಡಿ ಸ್ಟಾರ್ಟ್ ಆಯಿತು. ಎಷ್ಟಾದರೂ ಮೇಸ್ತ್ರಿ ಕೈಯಾರೆ ಸಾಕಿದ ಇಂಜಿನ್. ಕೊರಳಿನ ವೋಲ್ಟ್ ಮೀಟರಿನ ಎರಡು ವೈರುಗಳನ್ನು ಬ್ಯಾಟರಿಗೆ ತಾಗಿಸಿ ಆಕ್ಸಿಲರೇಟರ್ ಕೊಟ್ಟ. ಮುಳ್ಳು ಎದ್ದು, ನಿಲ್ಲಬೇಕಾದಲ್ಲಿ ನಿಂತಿತು. ಕರೆಂಟ್ ಹುಟ್ಟಿಸುವ ಕಾಯಿಲ್ ಸರಿ, ಅದನ್ನು ಹದ ಮಾಡುವ ರೆಗ್ಯುಲೇಟರ್ ಸರಿ. ಮೀಟರ್ ತಲೆ ಕೆರೆದುಕೊಂಡ. ನಂಬಿಕೆ ಬರದೆ, ಕೈ ರೂಢಿಯಂತೆ ಹಾರ್ನ್ ಒತ್ತಿ ಹಿಡಿದು ಮತ್ತೆ ಆಕ್ಸಿಲರೇಟರ್ ತಿರುಗಿಸಿದ. ಹಾರ್ನಿನ ದನಿ ಬಿಚ್ಚಿಕೊಂಡು ಮೇಲೇರಿತು, ಬೀದಿಯುದ್ದಕ್ಕೂ ಕೇಳಿಸುವ ಹಾಗೆ.

ಒಳಗೆ ಕೀಚ್ ಕೀಚ್ ಎನ್ನುತ್ತಿದ್ದ ಚೆಂಡು ಸುಮ್ಮನಾಯಿತು.

“ಎಲ್ಲಾ ಸರಿ ಇದೆ ಅಕ್ಕಾ. ಹಾಗಿದ್ರೆ ಬ್ಯಾಟರಿ ಕುಡೀತಿರೋದು ಯಾರು?” ತನ್ನಷ್ಟಕ್ಕೆ ಎಂಬಂತೆ ಕೇಳುತ್ತಾ ಮೀಟರ್ ಇಂಜಿನ್ ನಿಲ್ಲಿಸಿ, ಸಾಮಾನು ಎತ್ತಿಕೊಳ್ಳಲು ಬೈಕಿನ ಹಿಂದೆ ಬಗ್ಗಿದ. ಆಕೆ ಮುಂದೆ ಬಂದು ಕೀ ತೆಗೆದುಕೊಂಡಳು. ತೆಗೆಯುವಾಗ ಅವಳ ಕೈಯೂ ರೂಢಿಯ ಪ್ರಕಾರವೇ ನಡೆಯಿತು: ಕೀಯನ್ನು ಆಫ್‌ನಲ್ಲಿ ನಿಲ್ಲಿಸದೆ ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಆಮೇಲೆ ಎಳೆದುಕೊಂಡಿತು. ಬಗ್ಗಿದ್ದವನ ಮೂಗಿನ ಮುಂದೆಯೇ ಹಿಂದಿನ ಪುಟ್ಟ ಕೆಂಪು ದೀಪ ಹತ್ತಿಕೊಂಡಿತು. ಗಾಡಿಯನ್ನು ಕತ್ತಲ ರಸ್ತೆಯ ಬದಿಗೆ ನಿಲ್ಲಿಸಿದಾಗ ಬೇರೆಯವರಿಗೆ ಕಾಣಲೆಂದು ಇರುವ ದೀಪ ಅದು. ಕೀ ತೆಗೆದರೂ ಉರಿಯುತ್ತದೆ. ಮೇಲೊಂದು ಬೆಡ್‌ಶೀಟ್ ಹೊದಿಸಿಬಿಟ್ಟರೆ ಹಗಲಲ್ಲಿ ಯಾರ ಕಣ್ಣಿಗೂ ಬೀಳದೆ, ಬ್ಯಾಟರಿಯನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸುತ್ತದೆ.

ಮೀಟರ್ ದೀಪ ನೋಡಿದ, ಆಕೆಯನ್ನು ನೋಡಿದ. ಆಕೆಯ ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ನೀವಾ?”

“ಮೆಲ್ಲಗೆ ಮಾತಾಡು.” ಆಕೆ ಹತ್ತಿರ ಬಂದಳು. “ಅವತ್ತು ಬಿದ್ದಿದ್ದು ನಿಂಗೆ ಗೊತ್ತಲ್ಲ?”

ಗೊತ್ತಿತ್ತು. ಆಕೆ ನೀರು ತರಲು ಹೋದ ಹೊತ್ತು ನೋಡಿ ಮೇಸ್ತ್ರಿ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಗಾಡಿ ಹತ್ತಿ, ಬಟನ್ ಒತ್ತಿದ್ದರು. ಇಂಜಿನ್ ಕಾದ ಮೇಲೆ ಗೇರ್ ಹಾಕಿದಾಗ ಎಡಗೈಯ ಕ್ಲಚ್ ಜಾರಿ, ಗಾಡಿ ಮುಂದಕ್ಕೆ ನೆಗೆದು ಅವರ ಮೇಲೆಯೇ ಮಗುಚಿಕೊಂಡಿತ್ತು. ಕಾಲಿನ ಮೇಲೆ ಸೈಲೆನ್ಸರ್ ಸುಟ್ಟ ಗುರುತು ಇನ್ನೂ ಇದೆ.

“ನಾನು ಬಂದಾಗ ಗಾಡಿ ಕೆಳಗಿದ್ರು ಕಣೋ. ನನ್ನನ್ನೇ ನೋಡ್ತಿದ್ರು. ಎತ್ತೋಣ ಅಂದ್ರೆ ಇದು ಅಲ್ಲಾಡಲಿಲ್ಲ. ಯಾರೋ ಬರೋ ತನಕ ಪಕ್ಕದಲ್ಲಿ ಕೂತು, ಬಿಸಿ ತಾಗದ ಹಾಗೆ ಮಧ್ಯೆ ಕೈ ಇಟ್ಕೊಂಡಿದ್ದೆ.” ಆಕೆ ಅಂಗೈ ತೋರಿಸಲಿಲ್ಲ, ಮುಷ್ಟಿ ಬಿಗಿಮಾಡಿಕೊಂಡಳು. “ಬ್ಯಾಟರಿ ನಿಂತ ದಿನ ಮತ್ತೆ ಹತ್ತೇ ಹತ್ತುತ್ತಾರೆ.”

“ಬೇಡ ಅಂತ ಹೇಳಬಾರದಾ? ಇಲ್ಲಾ, ಮಾರಿಬಿಡೋದು.”

“ಬೇಡ ಅಂದ್ರೆ ಆ ಚೆಂಡು ಯಾಕೆ ಹಿಸುಕ್ತಾರೆ? ಬೆಳಿಗ್ಗೆ ಎದ್ದು ಯಾಕೆ ಕೂರ್ತಾರೆ? ಗಾಡಿ ಓಡಿಸ್ಬೇಕು ಅಂತಾನೇ ಎರಡು ತುತ್ತು ಜಾಸ್ತಿ ತಿಂತಾರೆ.” ಆಕೆ ಒಳಗಿನ ಕೋಣೆಯ ಕಡೆ ಕಣ್ಣು ಹಾಯಿಸಿದಳು. “ಇವತ್ತು ಆಗ್ಲಿಲ್ಲ, ನಾಳೆ ಆಗುತ್ತೆ ಅಂತ ಇರಲಿ ಅಷ್ಟೆ. ನಂಗೆ ಬೇರೆ ದಾರಿ ಹೊಳೀಲಿಲ್ಲ.”

ಮೀಟರ್ ಆಕೆಯ ಕೈಯಿಂದ ಬೆಡ್‌ಶೀಟ್ ತೆಗೆದುಕೊಂಡು, ಉರಿಯುತ್ತಿದ್ದ ದೀಪವನ್ನು ಆರಿಸದೆ ಅದರ ಮೇಲೆ ತಾನೇ ಹೊದಿಸಿದ. ಕೈ ಒರೆಸಿಕೊಂಡು ಒಳಗೆ ನಡೆದ. ಆಕೆ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತಳು.

ಮೇಸ್ತ್ರಿ ದಿಂಬಿಗೆ ಒರಗಿ ಕೂತಿದ್ದರು. ಚೆಂಡು ತೊಡೆಯ ಮೇಲಿತ್ತು. “ಏನಂತೆ ನಿನ್ನ ಮುಳ್ಳು?” ಎಂದರು.

“ಕಾಯಿಲ್ ಹೋಗಿದೆ ಮೇಸ್ತ್ರಿ.” ಮೀಟರ್ ಗೋಡೆ ನೋಡುತ್ತಾ ಹೇಳಿದ. “ಒಳಗೆ ಸುಟ್ಟಿರೋ ಹಾಗಿದೆ. ಹಳೇ ಮಾಡೆಲ್ ಅಲ್ವಾ, ಸಿಗೋದು ಕಷ್ಟ.”

“ಹಾರ್ನ್ ಚೆನ್ನಾಗಿ ಕೇಳಿಸ್ತಲ್ಲೋ.”

ಹಾರ್ನ್ ಒತ್ತಿ ಎಂಥ ಕೆಲಸ ಮಾಡಿಕೊಂಡೆ ಎಂಬುದು ಮೀಟರಿಗೆ ಆಗ ಹೊಳೆಯಿತು. “ಹೊಸ ಬ್ಯಾಟರಿ ಅಲ್ವಾ ಮೇಸ್ತ್ರಿ… ಅದಕ್ಕೆ ಜೋರಾಗಿ ಕೇಳಿಸಿರುತ್ತೆ.”

ಇದೇ ಮಾತಿಗೆ ಹಿಂದೆ ಅವನು ಎಷ್ಟು ಮೊಟಕು ತಿಂದಿದ್ದನೋ ಲೆಕ್ಕವಿಲ್ಲ. ಮೇಸ್ತ್ರಿ ಈಗ ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಅವನನ್ನು ಬಿಟ್ಟು ಬಾಗಿಲ ಕಡೆ ನೋಡಿದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹೆಂಡತಿಯನ್ನು, ಅವಳ ಮುಷ್ಟಿಯಿಂದ ಹೊರಗೆ ಇಣುಕುತ್ತಿದ್ದ ಕೀಯನ್ನು ಬಹಳ ಹೊತ್ತು ನೋಡಿದರು. ಆಕೆ ತಲೆ ತಗ್ಗಿಸಿದಳು.

“ಹೌದು,” ಎಂದರು ಕೊನೆಗೆ. “ಕಾಯಿಲ್ಲೇ ಇರಬೇಕು. ನಾನೇ ಸುತ್ತಿದ್ದು ಅದನ್ನ. ಎಷ್ಟು ವರ್ಷ ಅಂತ ದುಡಿಯುತ್ತೆ, ಪಾಪ.”

“ಹುಡುಕ್ತೀನಿ ಮೇಸ್ತ್ರಿ. ಎಲ್ಲಾದ್ರೂ ಸಿಗುತ್ತೆ.”

“ಆತುರ ಏನಿಲ್ಲ ಬಿಡು. ಕಾಫಿ ಕುಡಿದು ಹೋಗು.”

ಮೀಟರ್ ಕಾಫಿಗೆ ನಿಲ್ಲಲಿಲ್ಲ. ಕೆಲಸವಿದೆ ಎಂದು ಏನೋ ಗೊಣಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಹೊಸ ಬ್ಯಾಟರಿಯನ್ನು ಬಿಚ್ಚಿಕೊಳ್ಳಬೇಕೆಂಬುದೂ ನೆನಪಾಗಲಿಲ್ಲ.

ಸಂಜೆ ಆಕೆ ಗಂಡನ ಕಾಲಿಗೆ ಎಣ್ಣೆ ತಿಕ್ಕಿ, ದಿನದಂತೆ ಚೆಂಡನ್ನು ಎಡಗೈಯಲ್ಲಿಟ್ಟಳು. ಬೆರಳುಗಳು ಮುಚ್ಚಿಕೊಳ್ಳಲಿಲ್ಲ.

“ಹಿಸುಕ್ರೀ,” ಎಂದಳು.

“ಸಾಕು ಕಣೇ, ಕೈ ನೋಯುತ್ತೆ.” ಬಲಗೈಯಿಂದ ಚೆಂಡನ್ನು ತೆಗೆದು ಆಕೆಗೇ ಮರಳಿ ಕೊಟ್ಟರು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳುವ ದನಿಯಲ್ಲೇ ಹೇಳಿದರು: “ಹೋಗಿ ಕೀ ಸರಿಯಾಗಿ ಆಫ್ ಮಾಡಿ ಬಾ. ಹೊಸ ಬ್ಯಾಟರಿ, ಸುಮ್ಮನೆ ಹಾಳಾಗುತ್ತೆ.”

ಆಕೆ ನಿಂತಲ್ಲೇ ನಿಂತಳು. ಏನಾದರೂ ಹೇಳಬೇಕು, ಕಾಲು ಹಿಡಿದುಕೊಂಡು ಅತ್ತುಬಿಡಬೇಕು ಎನ್ನಿಸಿತು.

“ಹೋಗು. ಇನ್ಮೇಲೆ ಅದೆಲ್ಲ ಬೇಕಾಗಿಲ್ಲ.”

ಹೊರಗೆ ಮಬ್ಬು ಕವಿದಿತ್ತು. ತೊಳೆದು ತೊಳೆದು ತೆಳ್ಳಗಾಗಿದ್ದ ಬೆಡ್‌ಶೀಟಿನ ಒಳಗಿಂದ ಕೆಂಪು ಬೆಳಕು ಸಣ್ಣಗೆ ಕಾಣುತ್ತಿತ್ತು. ಆಕೆ ಬಟ್ಟೆಯ ಕೆಳಗೆ ಕೈ ತೂರಿಸಿ, ತಡವರಿಸುತ್ತಾ ಕೀ ಹಾಕಿ ತಿರುಗಿಸಿದಳು. ಬೆಳಕು ಹೋಯಿತು. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಚೆಂಡು ಹಿಡಿದುಕೊಂಡು ಅಲ್ಲೇ ನಿಂತಳು. ತಿಳಿಯದೆಯೇ ಬೆರಳು ಬಿಗಿದು ಚೆಂಡು ಒಮ್ಮೆ ಕೀಚ್ ಎಂದಾಗ, ಆಕೆ ಬೆಚ್ಚಿ ಕೋಣೆಯ ಕಿಟಕಿಯ ಕಡೆ ನೋಡಿದಳು.