ನಾಲ್ಕು ಗೋಡೆಯೊಳಗಿನ ಅಳು

ಅಪ್ಪನ ಕುರ್ಚಿಯಲ್ಲಿ ನ್ಯಾಯಾಧೀಶ ಕೂತಿದ್ದ. ಅದೂ ಹೇಗೆ, ಕೆಸರು ಮೆತ್ತಿದ ಬೂಟುಗಾಲನ್ನು ಮುಂದಕ್ಕೆ ಚಾಚಿಕೊಂಡು! ನೋಡಿಯೇ ಏವಿಸ್‌ಳ ಮೈ ಉರಿದುಹೋಯಿತು. ಹಾಕ್‌ರಿಜ್ ಕೋಟೆಮನೆಯ ಆ ಕುರ್ಚಿಯಲ್ಲಿ ಕೆವೆರೆಲ್ ಮನೆತನದವರನ್ನು ಬಿಟ್ಟು ಇನ್ನೊಬ್ಬರು ಕೂತದ್ದಿಲ್ಲ. ಪಕ್ಕದ ಬೆಂಚಿನಲ್ಲಿ ಅವಳ ಭಾವ ಸರ್ ಫುಲ್ಕ್ ಹುರಿದ ಹಂದಿಯ ತೊಡೆ ಕಚ್ಚಿ ಜಗ್ಗುತ್ತಿದ್ದ. ಹೆಂಡತಿಯನ್ನು ಮಣ್ಣು ಮಾಡಿ ಇನ್ನೂ ಎರಡು ತಿಂಗಳಾಗಿಲ್ಲ, ಮಹಾರಾಯನ ಗಲ್ಲ ಆಗಲೇ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು.

ತೀರ್ಮಾನ ಆಗಬೇಕಿದ್ದ ಪ್ರಶ್ನೆ ಒಂದೇ. ಏವಿಸ್‌ಳ ಅಕ್ಕ ಇಡೋನಿ ಹೆತ್ತು ಸತ್ತಳಲ್ಲ, ಆ ಮಗು ಅತ್ತಿತೋ ಇಲ್ಲವೋ?

ಅತ್ತಿದ್ದರೆ, ಒಂದೇ ಒಂದು ಸಲ ಉಸಿರೆಳೆದು ಸತ್ತಿದ್ದರೂ ಸರಿ, ಹೆಂಡತಿಯ ಮನೆ, ಹೊಲ, ಕಾಡು, ಗಿರಣಿ ಎಲ್ಲ ಗಂಡ ಬದುಕಿರುವ ತನಕ ಗಂಡನದೇ. ಅಳದೆ ಹುಟ್ಟಿದ್ದರೆ ಅವನು ಬಂದ ದಾರಿ ಹಿಡಿಯಬೇಕು, ಎಲ್ಲವೂ ರಕ್ತಸಂಬಂಧಕ್ಕೆ, ಅಂದರೆ ತಂಗಿ ಏವಿಸ್‌ಗೆ. ಇಂಗ್ಲೆಂಡಿನ ಕಾನೂನು ಹಾಗಿತ್ತು. ಅಳು ನಾಲ್ಕು ಗೋಡೆಯೊಳಗಿಂದ ಕೇಳಿರಬೇಕು, ಕೇಳಿದವರು ಗಂಡಸರಾಗಿರಬೇಕು. ಹೆರಿಗೆ ಕೋಣೆಯೊಳಗೆ ಗಂಡಸರು ಕಾಲಿಡುವಂತಿಲ್ಲ, ಒಳಗಿದ್ದ ಹೆಂಗಸರ ಮಾತಿಗೆ ಬೆಲೆಯಿಲ್ಲ! ಯಾವ ಪುಣ್ಯಾತ್ಮ ಕೂತು ಮಾಡಿದನೋ ಇದನ್ನು, ಅವನನ್ನು ಹೆತ್ತವಳು ಹೆಂಗಸಲ್ಲವೇನೋ.

ಕೆವೆರೆಲ್‌ರಿಗೆ ಈ ಮನೆ ಸುಮ್ಮನೆ ದಕ್ಕಿದ್ದಲ್ಲ. ಮೂಲಪುರುಷ ನಾರ್ಮಂಡಿಯಿಂದ ದೊರೆಯ ಕುದುರೆಯ ಹಿಂದೆ ಸಮುದ್ರ ದಾಟಿ ಬಂದು ಈ ಗುಡ್ಡ ಗಳಿಸಿದ. ಯಾರ ಬಾಯಿಂದ ಕಿತ್ತುಕೊಂಡ ಅನ್ನುವುದನ್ನು ಮಾತ್ರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಏವಿಸ್‌ಳ ಅಜ್ಜ ಉಳಿದ ಸರದಾರರ ಜೊತೆ ಸೇರಿ ದೊರೆಯ ಮೇಲೆ ದಂಗೆ ಎದ್ದ, ಸೋತ, ತಲೆ ಕಳೆದುಕೊಂಡ. ಸೈನಿಕರು ಬಂದು ಬಡಗಣ ಗೋಪುರಕ್ಕೆ ಬೆಂಕಿ ಇಟ್ಟರು, ಬಾಗಿಲ ಮೇಲಿನ ಮೂರು ಕೊಕ್ಕರೆಯ ಲಾಂಛನವನ್ನು ತಲೆಕೆಳಗಾಗಿ ತೂಗುಹಾಕಿ ಹೋದರು. ಅಜ್ಜಿ ಬಿಡಲಿಲ್ಲ. ದೊರೆ ಎಲ್ಲಿ ಬಿಡಾರ ಹೂಡಿದರೆ ಅಲ್ಲಿಗೆ ಹೋಗಿ, ಚಳಿಗಾಲದ ಕೆಸರಿನಲ್ಲಿ ಮಂಡಿಯೂರಿದಳು. ಕೊನೆಗೆ ಅವಳ ಮುಖ ನೋಡಿ ನೋಡಿ ಬೇಜಾರಾಗಿ ದೊರೆ ಮನೆ ವಾಪಸು ಕೊಟ್ಟ.

ಅಪ್ಪನಿಗೆ ಇದರಿಂದ ಬಂದ ಬುದ್ಧಿ ಏನೆಂದರೆ, ಯಾರು ಗೆದ್ದರೆ ಅವರ ಕಾಲು ಹಿಡಿಯುವುದು. ಹೊಸ ದೊರೆಗೆ ಒಬ್ಬ ಮುದ್ದಿನ ಗೆಳೆಯ ಹುಟ್ಟಿಕೊಂಡ, ದೇಶವೆಲ್ಲ ಅವನ ಬೆರಳಿನ ತುದಿಯಲ್ಲಿ ಕುಣಿಯತೊಡಗಿತು. ಅವನ ಬಾಲ ಹಿಡಿದು ಓಡಾಡುವ ಹಲವರಲ್ಲಿ ಫುಲ್ಕ್ ಒಬ್ಬ. ಅಪ್ಪ ಇಡೋನಿಯನ್ನು ಅವನಿಗೆ ಕಟ್ಟಿದ. "ಮನೆ ಉಳೀತು ಕಣೇ" ಅಂತ ಏವಿಸ್‌ಳ ಹತ್ತಿರ ಬೀಗಿದ. ಗಂಡುಮಕ್ಕಳಿಲ್ಲದ ಅವನು ಸತ್ತಾಗ ಹಿರಿಯಳಿಗೆ ಹಾಕ್‌ರಿಜ್ ಬಂತು, ಏವಿಸ್‌ಗೆ ಬಾತುಕೋಳಿಗಳು ಮಾತ್ರ ಮೆಚ್ಚುವಂಥ ಒಂದಿಷ್ಟು ಜೌಗುನೆಲ.

ಹೆರಿಗೆಯ ಹೊತ್ತಿಗೆ ಕೋಣೆಯಲ್ಲಿ ಇಡೋನಿಯ ಜೊತೆ ಇದ್ದವರು ಏವಿಸ್ ಮತ್ತು ಸೂಲಗಿತ್ತಿ ಎಮೋಟ್ ಇಬ್ಬರೇ. ಮಗು ನೀಲಿಗಟ್ಟಿ ಬಂತು. ಎಮೋಟ್ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಉಹೂಂ. ಅದನ್ನು ಕೈಗೆ ತೆಗೆದುಕೊಂಡ ಏವಿಸ್‌ಳ ಗಂಟಲಿನಿಂದ ಒಂದು ಕೂಗು ಹೊರಟಿತು. ತೆಳ್ಳಗೆ, ಕೀಚಲಾಗಿ, ತನ್ನದೆಂದು ತನಗೇ ಗುರುತು ಸಿಗದ ಕೂಗು.

"ಅತ್ತಿತಾ?" ಅಂದಳು ಇಡೋನಿ. ಹಾಸಿಗೆ ರಕ್ತದಲ್ಲಿ ತೊಯ್ದಿತ್ತು.

"ಅತ್ತಿತು ಅಕ್ಕ."

"ತಲೆಗೆ ದೀಕ್ಷೆಯ ನೀರು ಹಾಕಿ. ನನ್ನ ಜೊತೇಲೇ ಮಲಗಿಸಿ."

ಅದೇ ಅವಳ ಕೊನೆಯ ಮಾತು. ಎಮೋಟ್ ಕಣ್ಣೊರೆಸಿಕೊಂಡು ಏವಿಸ್‌ಳ ತೋಳು ಹಿಡಿದಳು. "ಉಸಿರಿತ್ತು ಅಂತಲೇ ಪಾದ್ರಿಗೆ ಹೇಳಮ್ಮಾ. ನೀರು ಬೀಳೋವಾಗ ಜೀವ ಇತ್ತು ಅನ್ನು. ಇಲ್ಲಾಂದ್ರೆ ಈ ಕೂಸಿಗೆ ಚರ್ಚಿನ ಮಣ್ಣು ಸಿಕ್ಕಲ್ಲ. ಗೋಡೆ ಆಚೆ, ಗಲ್ಲಿಗೆ ಹೋದೋರ ಪಕ್ಕ ಗುಂಡಿ ತೋಡ್ತಾರೆ."

ಏವಿಸ್ ಹಾಗೇ ಹೇಳಿದಳು. ಪಾದ್ರಿ ಗರ್ವೇಸ್ ನಂಬಿದ. ಕೆವೆರೆಲ್‌ರ ಸಮಾಧಿಕಲ್ಲಿನ ಕೆಳಗೆ ತಾಯಿಯ ತೋಳಿನಲ್ಲೇ ಮಗು ಮಲಗಿತು. ಆ ತೋಳನ್ನು ಮಗುವಿನ ಮೇಲೆ ಮಡಚಿದವಳು ಏವಿಸ್‌ಳೇ.

ಆ ದಿನ ಬೇಟೆಗೆ ಹೋಗಿದ್ದ ಫುಲ್ಕ್ ಹೆಣದ ಮುಂದೆ ಒಂದು ಹನಿ ಹಾಕಲಿಲ್ಲ. ಉಸಿರಿನ ಸುದ್ದಿ ಕಿವಿಗೆ ಬಿದ್ದಾಗ ಮಾತ್ರ ಸರಕ್ಕನೆ ತಿರುಗಿದ್ದ.

ಈಗ ಪ್ರಮಾಣ ಮಾಡಿದ ಊರ ಹನ್ನೆರಡು ಗಂಡಸರ ಮುಂದೆ ಕುದುರೆಲಾಯದ ಹಾಮೋ ನಿಂತಿದ್ದ. ಸುಳ್ಳು ಹೇಳಲು ಬಾರದ ಪ್ರಾಣಿ. ಟೋಪಿಯನ್ನು ಹಿಂಡುತ್ತಾ ಹೇಳಿದ, "ಕೇಳಿಸ್ತು ಬುದ್ದೀ. ಕುದುರೆಗೆ ನೀರು ಕುಡಿಸ್ತಾ ಕಿಟಕಿ ಕೆಳಗೇ ನಿಂತಿದ್ದೆ. ಎಳೇ ಕೂಗು. ಒಂದೇ ಸಲ."

ಫುಲ್ಕ್ ಮೂಳೆ ಕೆಳಗಿಟ್ಟು ಬೆರಳು ನೆಕ್ಕಿಕೊಂಡ. "ಮುಗೀತಲ್ಲ ಸ್ವಾಮಿ."

"ಮುಗಿದಿಲ್ಲ!" ಏವಿಸ್ ಎದ್ದು ನಿಂತಳು. "ಒಳಗಿದ್ದೋಳು ನಾನು. ನನ್ನ ಕೇಳಿ."

"ಕೂತ್ಕೊಳಮ್ಮ," ಅಂದ ನ್ಯಾಯಾಧೀಶ. "ಈ ವಿಷಯದಲ್ಲಿ ಹೆಂಗಸರ ಮಾತು ನಡಿಯಲ್ಲ."

"ಮಗೂನ ಕೈಯಲ್ಲಿ ಹಿಡಿದೋಳಿಗೆ ಗೊತ್ತಿಲ್ಲ, ಅಂಗಳದಲ್ಲಿ ಕುದುರೆ ಹಿಡಿದೋನಿಗೆ ಗೊತ್ತು! ಚೆನ್ನಾಗಿದೆ ಸ್ವಾಮಿ ನಿಮ್ಮ ನ್ಯಾಯ. ಕುದುರೇನೂ ಕರೆಸಿ, ಗಂಡು ಕುದುರೇನೇ ಅದು."

ಹನ್ನೆರಡು ಜನರಲ್ಲಿ ಯಾರೋ ಕಿಸಕ್ಕೆಂದ. ಫುಲ್ಕ್ ಹಲ್ಲು ಕಿರಿದ. "ನಮ್ಮ ನಾದಿನಿಗೆ ಬಾಯಿ ಸ್ವಲ್ಪ ಜಾಸ್ತಿ ಸ್ವಾಮಿ. ಅದಕ್ಕೇ ಯಾರೂ ಕಟ್ಕೊಂಡಿಲ್ಲ."

ಏವಿಸ್ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಆ ಮೂಳೆಯನ್ನೇ ಎತ್ತಿಕೊಂಡು ತಲೆಗೆ ಬಿಡುತ್ತಿದ್ದಳು. "ಆಯ್ತು, ನನ್ನ ಮಾತು ಬೇಡ. ಗಂಡಸರ ಕಿವಿ ಸಾಕಲ್ವಾ ನಿಮಗೆ? ನಾನು ಅದೇ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ. ಹಾಮೋ ಅಲ್ಲೇ ಕಿಟಕಿ ಕೆಳಗೆ ನಿಲ್ಲಲಿ, ಇವರೆಲ್ಲ ಅವನ ಜೊತೆ ನಿಲ್ಲಲಿ. ನಾನು ಒಂದು ಸಲ ಕೂಗ್ತೀನಿ. ಅವತ್ತು ಕೇಳಿದ್ದು ಇದೇನಾ ಅಂತ ಅವನನ್ನೇ ಕೇಳಿ."

ನ್ಯಾಯಾಧೀಶ ಚಾಚಿದ್ದ ಕಾಲು ಹಿಂದಕ್ಕೆಳೆದುಕೊಂಡ. ಹಾಮೋನ ಮುಖದಲ್ಲಿ ರಕ್ತವಿರಲಿಲ್ಲ. ಅವನಿಗೆ ಆಗಲೇ ಹೊಳೆದುಬಿಟ್ಟಿತ್ತು. ಫುಲ್ಕ್‌ನಿಗೂ ಹೊಳೆದಿರಬೇಕು, ಬಟ್ಟಲು ಬಾಯಿಯ ಹತ್ತಿರವೇ ನಿಂತಿತ್ತು.

"ಕಿವಿ ಗಂಡಸರದ್ದೇ ಆದ್ರೆ ಕಾನೂನು ಅಡ್ಡ ಬರಲ್ಲ," ಅಂದ ನ್ಯಾಯಾಧೀಶ ನಿಧಾನವಾಗಿ. "ಹೋಗು."

ಏವಿಸ್ ದಡದಡ ಮೆಟ್ಟಿಲು ಹತ್ತಿದಳು. ಗೆದ್ದೆ ಅನ್ನಿಸಿತ್ತು. ಸಭೆಯಿಂದ ಹಿಂದೆಯೇ ಓಡಿ ಬಂದ ಪಾದ್ರಿ ಗರ್ವೇಸ್ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ಅಡ್ಡ ನಿಂತ.

"ಮಗಳೇ, ಹಾಗಾದ್ರೆ ಅದು ಉಸಿರಾಡಲೇ ಇಲ್ವಾ?"

ಅವಳು ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಕೈ ಹಾಕಿದಳು.

"ನೀನು ಕೂಗಿದ್ರೆ ಮನೆ ನಿನ್ನದಾಗುತ್ತೆ. ಆದ್ರೆ ಸತ್ತು ಹುಟ್ಟಿದ್ದು ಅಂತ ನ್ಯಾಯಸ್ಥಾನ ಹೇಳಿದ ಮೇಲೆ ನಾನು ಆ ಕಲ್ಲು ಎತ್ತಿಸ್ಬೇಕು. ದೀಕ್ಷೆ ಇಲ್ಲದ ಕೂಸನ್ನ ಒಳಗಿಟ್ಕೊಳ್ಳೋಕೆ ಬಿಷಪ್ ಬಿಡಲ್ಲ."

ಹೂತಾಗಿದೆ, ಇನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದಳು ಅವಳು. ಸಿಟ್ಟಿನ ಭರದಲ್ಲಿ ಅಷ್ಟು ದೂರ ಯೋಚಿಸಿರಲೇ ಇಲ್ಲ. "ಅವಳ ತೋಳಿನಿಂದ ಬಿಡಿಸ್ತೀರಾ?"

"ಹೂಂ."

"ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ. ಆದ್ರೂ ಎತ್ತಿಸ್ತೀನಿ," ಅಂದ ಮುದುಕ.

ಅವನ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು.

ಮಂಚದ ಹಾಸಿಗೆಗೆ ಹೊಸ ಹುಲ್ಲು ತುಂಬಿದ್ದರು. ಕೆಳಗಿನಿಂದ ಗಂಡಸರ ಕೆಮ್ಮು, ಕಾಲಿನ ಸಪ್ಪಳ ಕೇಳುತ್ತಿತ್ತು. ಎಲ್ಲರೂ ಕಿಟಕಿಯ ಕೆಳಗೆ ಬಂದು ನಿಂತರು, ಆಮೇಲೆ ಸದ್ದಡಗಿತು. ಏವಿಸ್ ಎದೆ ತುಂಬ ಉಸಿರೆಳೆದಳು. ಕೂಗೇ ಹುಡುಗಿ, ಕೂಗು! ಇದೇ ಮನೆಗಾಗಿ ಅಜ್ಜ ತಲೆ ಕೊಟ್ಟ, ಅಜ್ಜಿ ಮಂಡಿ ಸವೆಸಿದಳು, ಅಪ್ಪ ಮಗಳನ್ನೇ ಕೊಟ್ಟ. ನೀನು ಕೊಡಬೇಕಾದ್ದು ಒಂದೇ ಕೂಗು. ಸತ್ತ ಮಗುವಿಗೆ ಯಾವ ಮಣ್ಣಾದರೇನು? ಅದಕ್ಕೇನು ಗೊತ್ತಾಗುತ್ತದೆ?

ಕೂಗು ಗಂಟಲವರೆಗೂ ಬಂದಿತ್ತು. ಇಡೋನಿಯ ಆ ತೋಳು ಕಣ್ಣಿಗೆ ಕಟ್ಟಿತು. ಮಗುವಿನ ಮೇಲೆ ಮಡಚುವಾಗ ಅದು ಬಿಗಿಯಾಗಿತ್ತು, ಎರಡು ಕೈಯಿಂದ ಒತ್ತಬೇಕಾಗಿತ್ತು. ಅದನ್ನು ಈಗ ಯಾವನೋ ಗುಂಡಿ ತೋಡುವವನು ಬಲವಂತವಾಗಿ ಬಿಡಿಸುತ್ತಾನೆ. ಥೂ! ನಿಮ್ಮ ಕಾನೂನಿಗಿಷ್ಟು, ನಿಮ್ಮ ಬಿಷಪ್ಪನಿಗಿಷ್ಟು, ನಿಮ್ಮ ಕೊಕ್ಕರೆಗಳಿಗಿಷ್ಟು! ಹೆಣ್ಣಿನ ಮಾತು ಬೇಡ, ಹೆಣ್ಣಿನ ಕೂಗಾದರೆ ಬೇಕು, ಅದೂ ಅವಳ ಅಕ್ಕನ ಮಡಿಲಿಗೆ ಕೈ ಹಾಕುವುದಕ್ಕೆ. ಅವಳು ತೋಳಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಸಿಟ್ಟಿಗೆ ಕಣ್ಣೀರು ಧಾರಾಕಾರ ಹರಿಯಿತು. ಆ ಕೋಣೆಯಿಂದ ಒಂದು ಸಣ್ಣ ಸದ್ದೂ ಹೊರಗೆ ಹೋಗಲಿಲ್ಲ.

ಕೆಳಗಿಳಿದು ಬಂದಾಗ ಎಲ್ಲರೂ ಸಭೆಗೆ ಮರಳಿದ್ದರು.

"ಏನಮ್ಮಾ, ನಾವೇನೂ ಕೇಳಲಿಲ್ಲ," ಅಂದ ನ್ಯಾಯಾಧೀಶ.

"ಕೂಗಲಿಲ್ಲ ನಾನು. ಹಾಮೋ ಕೇಳಿದ್ದು ಮಗುವಿನ ಅಳುವೇ."

ಹಾಮೋ ತಲೆ ತಗ್ಗಿಸಿದ. ಹನ್ನೆರಡು ಜನ ಎರಡು ಮಾತಿಲ್ಲದೆ ಒಪ್ಪಿದರು. ಹಾಕ್‌ರಿಜ್ ಸರ್ ಫುಲ್ಕ್‌ನದು, ಅವನು ಬದುಕಿರುವ ತನಕ. ಅವನ ನಂತರ ಏವಿಸ್‌ಗೆ.

ಫುಲ್ಕ್ ಹೊಟ್ಟೆ ಕುಣಿಸಿ ನಕ್ಕ. "ನೋಡಿದ್ಯಾ ನಾದಿನಿ, ಅಷ್ಟು ಹಾರಾಡ್ದೆ. ಪಾಪ, ಇರೋದಾದ್ರೆ ಇರು, ಗೋಪುರದಲ್ಲಿ ಒಂದು ಮೂಲೆ ಕೊಡ್ತೀನಿ."

"ಇರ್ತೀನಿ ಭಾವ," ಅಂದಳು ಏವಿಸ್. ಬಂದು ಅವನ ಎದುರಿನ ಬೆಂಚಿನಲ್ಲೇ ಕೂತಳು. "ಎಲ್ಲಿಗೂ ಹೋಗಲ್ಲ. ನಿಮಗೆ ವಯಸ್ಸು ಐವತ್ತರ ಹತ್ತಿರ, ನನಗಿನ್ನೂ ಇಪ್ಪತ್ತೆರಡು. ಒಂದು ಉಸಿರು ಇತ್ತು ಅಂತ ಹೇಳಿ ನನ್ನ ಮನೆ ತಗೊಂಡ್ರಿ. ಇನ್ನು ಮೇಲೆ ನಿಮ್ಮ ಉಸಿರಿಗೆ ನಾನು ಕಿವಿ ಕೊಟ್ಕೊಂಡು ಕೂತಿರ್ತೀನಿ. ಬೆಳಿಗ್ಗೆ, ಊಟದ ಹೊತ್ತಲ್ಲಿ, ನೀವು ಮೆಟ್ಟಿಲು ಹತ್ತುವಾಗ. ಅದು ನಿಂತ ದಿನ ಈ ಕುರ್ಚಿ ಒರೆಸಿ ಕೂತ್ಕೋತೀನಿ. ಊಟ ಮಾಡಿ ಭಾವ, ನಿಲ್ಲಿಸಿಬಿಟ್ರಲ್ಲ."

ಫುಲ್ಕ್ ಮತ್ತೆ ನಗಲು ಬಾಯಿ ತೆರೆದ. ಹಂದಿಯ ಚೂರೊಂದು ಅಡ್ಡ ಸಿಕ್ಕಿ ಕೆಮ್ಮು ಹತ್ತಿತು. ಏವಿಸ್ ತಲೆ ಓರೆ ಮಾಡಿ, ಆ ಕೆಮ್ಮು ನಿಲ್ಲುವ ತನಕ ಕೇಳಿಸಿಕೊಂಡಳು.